ಟಿವಿ ತೋರಿಸದ ಗಡಿ: ಮಕ್ಕಳನ್ನು ಸಾಂಗಲಿ–ಮೀರಜಕ್ಕೆ ಕರೆದೊಯ್ಯೋಣ

ಗಡಿಯ ವಿಷಯ ಎದ್ದಾಗಲೆಲ್ಲ ನಮ್ಮ ಮನೆಗಳ ಟಿವಿ ಎರಡು ಭಾಷೆಗಳಲ್ಲಿ ಕೂಗಾಡುತ್ತದೆ. ಕನ್ನಡ ವಾಹಿನಿಯದು ಒಂದು ವಾದ, ಮರಾಠಿ ವಾಹಿನಿಯದು ಅದಕ್ಕೆ ವಿರುದ್ಧವಾದ ಇನ್ನೊಂದು. ಜತ್ತ ತಾಲ್ಲೂಕಿನ ನಮ್ಮ ಮಕ್ಕಳಿಗೆ ಎರಡೂ ಅರ್ಥವಾಗುತ್ತವೆ. ಆದರೆ ತಾವು ಎಲ್ಲಿಗೆ ಸೇರಿದವರು ಎಂಬ ಪ್ರಶ್ನೆಗೆ ಎರಡರಲ್ಲಿಯೂ ಉತ್ತರ ದೊರೆಯುವುದಿಲ್ಲ.

2022ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳನ್ನು ಪಾಲಕರು ಮರೆತಿರಲಾರರು. ಜತ್ತದ ಗ್ರಾಮಗಳ ಕುರಿತು ಅಂದಿನ ಕರ್ನಾಟಕ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಹೇಳಿಕೆ, ಅದಕ್ಕೆ ಮಹಾರಾಷ್ಟ್ರದ ನಾಯಕರ ಪ್ರತಿಹೇಳಿಕೆ, ಬೆಳಗಾವಿ ಬಳಿ ಲಾರಿಗಳಿಗೆ ಕಲ್ಲು, ಪುಣೆಯಲ್ಲಿ ಬಸ್ಸುಗಳಿಗೆ ಮಸಿ. ವಾಹಿನಿಗಳಿಗೆ ಸುಗ್ಗಿಯೋ ಸುಗ್ಗಿ. ಆ ಗ್ರಾಮಗಳು ಮೂಲತಃ ಕೇಳಿದ್ದು ನೀರನ್ನು ಎಂಬ ಮಾತು ಗದ್ದಲದಲ್ಲಿ ಹಿಂದೆ ಸರಿಯಿತು. 2024ರಲ್ಲಿ ಇದೇ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಪ್ರಶ್ನೆ ಎದ್ದಿತು. ಲಾರಿಗೆ ಬಿದ್ದ ಕಲ್ಲಿಗೆ ದೊರೆತ ಸಮಯ ಅದಕ್ಕೆ ದೊರೆಯಲಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಲ್ಲು ತೂರಾಟ ಒಂದು ದಿನದ ಸುದ್ದಿ. ಭಾಷೆ ತಿಳಿಯದ ಗುರುಗಳ ಮುಂದೆ ಮಗು ಕುಳಿತುಕೊಳ್ಳುವುದು ವರ್ಷವಿಡೀ.

ಇಂಥ ಯೋಚನೆಯಲ್ಲಿಯೇ ಕಳೆದ ಸಾರಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದೆ. ವಸ್ತುಸಂಗ್ರಹಾಲಯವೊಂದರಲ್ಲಿ ಸಂಸ್ಥಾನ ಕಾಲದ ವಸ್ತುಗಳನ್ನು ನೋಡುತ್ತ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇದರಾಗ ನಮ್ಮ ಮಂದಿ ಎಲ್ಲಿ ಅದಾರ್ರಿ?" ಎಂದು ಕೇಳಿದಳು. ನಾನು ಅಲ್ಲಿಯೇ ನಿಂತು ಹೇಳಬೇಕಾಯಿತು: ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ತೇರದಾಳ, ಗದಗ ಜಿಲ್ಲೆಯ ಶಿರಹಟ್ಟಿ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನದವು, ಲಕ್ಷ್ಮೇಶ್ವರ ಮೀರಜದ ಪಟವರ್ಧನರಿಗೆ ಸೇರಿತ್ತು. ನಮ್ಮ ಜತ್ತವಂತೂ ತಾನೇ ಒಂದು ಸಂಸ್ಥಾನ.

ಸಾಂಗಲಿಯನ್ನು ಮರಾಠಿಗರು ನಾಟ್ಯಪಂಢರಿ ಎಂದು ಅಭಿಮಾನದಿಂದ ಕರೆಯುತ್ತಾರೆ. 1843ರಲ್ಲಿ ವಿಷ್ಣುದಾಸ ಭಾವೆಯವರು ಇಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತ ಮೇಳದ ಆಟವನ್ನು ಕಂಡು, ಅಂಥದನ್ನು ಮರಾಠಿಯಲ್ಲಿ ಮಾಡೆಂದು ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರು ಅವರನ್ನು ಪ್ರೇರೇಪಿಸಿದ್ದರು. ಮರಾಠಿ ರಂಗಭೂಮಿಯ ತೊಟ್ಟಿಲನ್ನು ತೂಗಿದ ಕೈಗಳಲ್ಲಿ ಕನ್ನಡದ ಕೈಯೂ ಇದೆ.

ಮೀರಜದ ಸಿತಾರ್ ತಯಾರಕರ ಓಣಿಯಲ್ಲಿ ಮಕ್ಕಳು ತಾಸುಗಟ್ಟಲೆ ನಿಂತರು. ಪಂಢರಪುರದ ಕಡೆಯಿಂದ ಬಂದ ಒಣ ಸೋರೆಬುರುಡೆ ತಂಬೂರಿಯಾಗುವುದನ್ನು ಯಾವ ಮೊಬೈಲೂ ಹಾಗೆ ತೋರಿಸಲಾರದು. ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಬೆಳೆಸಿದ ಈ ಕಸುಬಿಗೆ 2024ರಲ್ಲಿ ಜಿಐ ಮಾನ್ಯತೆ ದೊರೆತಿದೆ. ಖ್ವಾಜಾ ಶಮನಾ ಮೀರಾ ದರ್ಗಾದ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿಯಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿಯವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಉತ್ತರದ ಕೈರಾನಾದಿಂದ ಬಂದ ಹಾಡು ಮೀರಜದಲ್ಲಿ ತಂಗಿ ಧಾರವಾಡದ ಸೀಮೆಗೆ ಹರಿಯಿತು.

ಈ ಇತಿಹಾಸದಿಂದ ನಮ್ಮ ಹಕ್ಕಿನ ಹೋರಾಟ ಮೃದುವಾಗಬೇಕಿಲ್ಲ. ಕನ್ನಡ ಬಲ್ಲ ಶಿಕ್ಷಕರು ಬೇಕು, ಸಂಗ್ರಹಾಲಯಗಳಲ್ಲಿ ಕನ್ನಡದ ವಿವರಣೆಯೂ ಬೇಕು. ಈ ನೆಲಕ್ಕೆ ನಾವು ಹೊರಗಿನವರಲ್ಲ ಎಂದು ಅರಿತ ಮಗು ಅದನ್ನು ಅಂಜದೆ, ದ್ವೇಷವಿಲ್ಲದೆ ಕೇಳುತ್ತದೆ.

ಅಲ್ಲಿಯವರೆಗೆ ಕೈಯಲ್ಲಿರುವ ಮೊಬೈಲನ್ನೇ ದುಡಿಸಿಕೊಳ್ಳೋಣ. ಕಂಡದ್ದನ್ನು ಮಕ್ಕಳು ಕನ್ನಡದಲ್ಲಿ ಬರೆಯಲಿ, ತಮ್ಮ ದನಿಯಲ್ಲಿ ಮುದ್ರಿಸಲಿ. ಅದಕ್ಕೊಂದು ಕ್ಯೂಆರ್ ಕೋಡ್ ಮಾಡಿ ಶಾಲೆಯ ಗೋಡೆಗೆ ಅಂಟಿಸಿದರೆ ಮುಂದಿನ ತರಗತಿಯವರಿಗೆ ಅದೇ ಪಾಠ. ನವೆಂಬರ್ 1 ರಾಜ್ಯೋತ್ಸವ, ನವೆಂಬರ್ 5 ಮರಾಠಿ ರಂಗಭೂಮಿ ದಿನ. ಈ ವರ್ಷ ನಡುವಿನ ಒಂದು ದಿನ ಟಿವಿ ಆರಿಸಿ, ಮಕ್ಕಳೊಡನೆ ಮೀರಜದ ಬಸ್ಸು ಹತ್ತಿರಿ.