ಊರಿನ ಲೆಕ್ಕದಲ್ಲಿ ನೀವಿದ್ದೀರಾ?

ಬೆಂಗಳೂರಿನ ಆಫೀಸಲ್ಲಿ ಯಾರಾದ್ರೂ ಊರು ಕೇಳಿದರೆ ಕೆಂಚಾರ್ಲಹಳ್ಳಿಯವರು ‘ಚಿಂತಾಮಣಿ ಹತ್ರ’ ಅಂತಾರೆ. ಅದೂ ಗೊತ್ತಾಗದಿದ್ರೆ ‘ನಂದಿಬೆಟ್ಟದ ಕಡೆ’!

ಕೆಂಚಾರ್ಲಹಳ್ಳಿ ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳಿ. 2007ರವರೆಗೆ ಕೋಲಾರ ಜಿಲ್ಲೆ, ಆಮೇಲೆ ಚಿಕ್ಕಬಳ್ಳಾಪುರ. ಆಂಧ್ರದ ಗಡಿ ದೂರವಿಲ್ಲ. ಎಷ್ಟೋ ಮನೆಗಳಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಪಾಪಾಗ್ನಿ, ಚಿತ್ರಾವತಿ, ಪಿನಾಕಿನಿ ಹುಟ್ಟೋದು ನಂದಿಯ ಆಸುಪಾಸಿನಲ್ಲೇ. ಆದರೂ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಮಳೆ ಬಿದ್ದರೆ ರಾಗಿ, ಕಡಲೆಕಾಯಿ. ಬೋರ್‌ವೆಲ್‌ನಲ್ಲಿ ನೀರು ಸಿಕ್ಕರೆ ಟೊಮೆಟೊ, ಹಿಪ್ಪುನೇರಳೆ. ಎರಡೂ ಕೈಕೊಟ್ಟರೆ ಬೆಂಗಳೂರು ಬಸ್ಸು.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 12.55 ಲಕ್ಷ. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಹಳ್ಳಿಯವರು. ಆಮೇಲೆ ಎಷ್ಟು ಜನ ಬಸ್ಸು ಹತ್ತಿದರು? ಲೆಕ್ಕ ಸಿಗೋದು 2027ರ ಗಣತಿಯಲ್ಲಿ.

ಇಲ್ಲೊಂದು ವಿಷಯ ಗಮನಿಸಿ. ರೇಷನ್ ಕಾರ್ಡ್ ಊರಲ್ಲಿದೆ, ವೋಟೂ ಊರಲ್ಲಿದೆ ಅಂತ ಗಣತಿ ನಿಮ್ಮನ್ನ ಊರಲ್ಲಿ ಎಣಿಸಲ್ಲ. ನೀವು ಸಾಮಾನ್ಯವಾಗಿ ವಾಸ ಮಾಡೋ ಕಡೆ, ಅಂದರೆ ಪಿ.ಜಿ. ರೂಮಲ್ಲೇ ಎಣಿಸುತ್ತೆ. ಅದು ಸರಿಯಾದ ನಿಯಮವೇ. ಆದರೆ ಇದರಿಂದ ಊರಿಗೆ ಆಗೋದೇನು? ನಮ್ಮ ರಾಜ್ಯದ ಕಾಯ್ದೆ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಹಣಕಾಸು ಆಯೋಗದ ಅನುದಾನ ಹಂಚೋವಾಗಲೂ ಜನಸಂಖ್ಯೆ ನೋಡ್ತಾರೆ. ತಲೆ ಕಡಿಮೆಯಾದರೆ ದನಿಯೂ ಕಡಿಮೆ, ದುಡ್ಡೂ ಕಡಿಮೆ. ದುಡ್ಡು ಕಡಿಮೆಯಾದರೆ ಇನ್ನಷ್ಟು ಜನ ಬಸ್ಸು ಹತ್ತುತ್ತಾರೆ.

ಇದು ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ರಷ್ಯಾ ನೋಡಿ. ನಮ್ಮ ತಾಲ್ಲೂಕಿನಂಥ ಆಡಳಿತ ಘಟಕವನ್ನ ಅಲ್ಲಿ ‘ರಯೋನ್’ ಅಂತಾರೆ. ಅಲ್ಲಿನ 2010ರ ಗಣತಿಯಲ್ಲಿ ಸುಮಾರು 1.53 ಲಕ್ಷ ಹಳ್ಳಿಗಳ ಪೈಕಿ 19 ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಬ್ಬರೂ ಇರಲಿಲ್ಲ. ಹೆಸರು ಪಟ್ಟಿಯಲ್ಲಿತ್ತು, ಒಲೆ ಹಚ್ಚೋರು ಇರಲಿಲ್ಲ.

ನಮ್ಮ ಹಳ್ಳಿಗಳು ಅಲ್ಲಿಗೆ ಬಂದಿಲ್ಲ. ಆದರೆ ಮನೆಗೆ ಬೀಗ, ಇಲ್ಲಾಂದ್ರೆ ಜಗಲಿ ಮೇಲೆ ಅಜ್ಜಿ ಒಬ್ಬರೇ, ಇದು ನೀವೂ ನೋಡಿರೋದೇ. ಹಾಗಾಗಿ ಸುಳ್ಳು ಹೇಳಿ ಊರಲ್ಲಿ ಹೆಸರು ಬರೆಸೋದು ಬೇಡ. ಊರಲ್ಲಿ ನಿಜವಾಗಿ ಇರೋರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳೋಣ. ಗಣತಿದಾರರು ಬರೋ ದಿನಗಳಲ್ಲಿ ಮನೆಗೊಂದು ಫೋನ್ ಮಾಡಿ: ‘ಅಮ್ಮಾ, ಅಜ್ಜಿ ಹೆಸರು ಬರೆಸಿದ್ರಾ? ಅಕ್ಕನ ಕೈಗೂಸಿನದು?’

ಎರಡು ನಿಮಿಷದ ಮಾತು. ಊರಿನ ಪಾಲು ಹತ್ತು ವರ್ಷದ್ದು.