‘ಬಂದದ್ದನ್ನು ಕಳುಹಿಸಿದೆವು’ ಎಂಬ ನೆಪ

ಮೊಬೈಲಿಗೆ ಬಂದ ಸಂದೇಶವನ್ನು ಹತ್ತು ಮಂದಿಗೆ ದಾಟಿಸುತ್ತೇವೆ. ಅದು ಸುಳ್ಳೆಂದು ಯಾರಾದರೂ ತೋರಿಸಿಕೊಟ್ಟರೆ ನಮ್ಮ ಬಳಿ ಸಿದ್ಧ ಉತ್ತರವೊಂದಿದೆ: ‘ನಾವು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆವು ಅಷ್ಟೆ.’ ವಿನಯದಂತೆ ಕೇಳಿಸುವ ಈ ಮಾತು ವಾಸ್ತವದಲ್ಲಿ ಹೊಣೆಗಾರಿಕೆಯಿಂದ ನುಣುಚಿಕೊಳ್ಳುವ ಉಪಾಯ.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದೇನು? ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಹುಟ್ಟಿತು. ಅವರ ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿಯನ್ನು ತಲುಪಿತ್ತು. ಜನ ರಸ್ತೆಗೆ ಅಡ್ಡ ನಿಂತರು. ನಿರಪರಾಧಿಯೊಬ್ಬ ಪ್ರಾಣ ತೆತ್ತ. ಸಂದೇಶ ದಾಟಿಸಿದವರೆಲ್ಲರೂ ಕೈಯೆತ್ತಿ ಹೊಡೆದಿರಲಾರರು. ಆದರೆ ಅವರ ಬೆರಳು ಸುಮ್ಮನಿದ್ದಿದ್ದರೆ ಆ ಗುಂಪು ಅಲ್ಲಿ ಸೇರುತ್ತಿತ್ತೇ?

ಅದೇ ವರ್ಷ ದೇಶದಾದ್ಯಂತ ಹರಿದಾಡಿದ ವೀಡಿಯೋವೊಂದರಲ್ಲಿ ಬೈಕ್ ಸವಾರರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷೆಯ ಬಗ್ಗೆ ಪೋಷಕರನ್ನು ಎಚ್ಚರಿಸಲು 2016ರಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಮಗುವನ್ನು ಮರಳಿಸುವ ದೃಶ್ಯವಿದೆ. ಯಾರೋ ಆ ಕೊನೆಯನ್ನು ಕತ್ತರಿಸಿದರು, ಉಳಿದವರು ಹಂಚಿದರು. ಎಚ್ಚರಿಕೆಯ ಚಿತ್ರವೇ ಭೀತಿಯ ಅಸ್ತ್ರವಾಯಿತು.

ಆದ್ದರಿಂದ ಹಂಚುವುದಕ್ಕೂ ಒಂದು ಶಿಷ್ಟಾಚಾರ ಬೇಕು. ಬರೆದವರ ಹೆಸರನ್ನು ಅಳಿಸಬಾರದು. ಎಲ್ಲಿ, ಯಾವಾಗ ಪ್ರಕಟವಾದುದೆಂದು ನಮೂದಿಸಬೇಕು. ಹಳೆಯ ಚಿತ್ರವನ್ನು ಇಂದಿನದೆಂಬಂತೆ ಕಳುಹಿಸಬಾರದು. ಭಾಗ ಮಾತ್ರ ಹಂಚುವುದಾದರೆ ಅದು ಭಾಗವೆಂದು ತಿಳಿಸಬೇಕು. ನಮ್ಮ ಅಭಿಪ್ರಾಯವನ್ನು ಮೂಲ ಬರಹದೊಳಗೆ ಬೆರೆಸದೆ, ಪ್ರತ್ಯೇಕ ಸಾಲಿನಲ್ಲಿ ನಮ್ಮದೆಂದೇ ಬರೆಯಬೇಕು. ತಪ್ಪೆಂದು ತಿಳಿದಾಗ ಅಳಿಸಿ ಮೌನವಾಗುವುದು ಸಾಲದು. ಯಾವ ಗುಂಪಿಗೆ ಕಳುಹಿಸಿದ್ದೇವೋ ಅಲ್ಲಿಯೇ ತಿದ್ದುಪಡಿಯನ್ನೂ ಹಾಕಬೇಕು.

ತಂತ್ರಜ್ಞಾನ ಈ ಕೆಲಸವನ್ನು ಮಾಡಿಕೊಡದು. 2018ರಲ್ಲಿ ವಾಟ್ಸ್‌ಆ್ಯಪ್ ‘ಫಾರ್ವರ್ಡೆಡ್’ ಎಂಬ ಗುರುತು ತಂದಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ಹೇರಿತು. ಹಲವು ಕೈ ದಾಟಿ ಬಂದ ಸಂದೇಶಕ್ಕೆ 2020ರಲ್ಲಿ ಒಮ್ಮೆಗೆ ಒಂದೇ ಕಡೆ ಎಂಬ ಕಟ್ಟಳೆ ವಿಧಿಸಿತು. ಆ ಗುರುತು ಸಂದೇಶ ಬೇರೆಡೆಯಿಂದ ಬಂದುದೆಂದು ಹೇಳುತ್ತದೆಯೇ ಹೊರತು ಸತ್ಯವೆಂದು ಹೇಳುವುದಿಲ್ಲ.

ವಿಪರ್ಯಾಸವೆಂದರೆ, ಹದೀಸ್‌ಗಳ ಹೆಸರಿನಲ್ಲೇ ಆಧಾರವಿಲ್ಲದ ಮಾತುಗಳು ನಮ್ಮ ಕುಟುಂಬಗಳ ಗುಂಪುಗಳಲ್ಲಿ ಸುತ್ತುತ್ತಿವೆ. ಒಂದು ಮಾತು ಯಾರಿಂದ ಯಾರಿಗೆ ತಲುಪಿತೆಂಬ ಸನದನ್ನು ಕೊಂಡಿ ಕೊಂಡಿಯಾಗಿ ಶೋಧಿಸಿದ ವಿದ್ವಾಂಸರ ಪರಂಪರೆಯ ವಾರಸುದಾರರು ನಾವು. ಆ ಸರಪಣಿಯಲ್ಲಿ ‘ನಾನು ದಾಟಿಸಿದವನಷ್ಟೆ’ ಎಂಬವನಿಗೆ ವಿನಾಯಿತಿ ಇರಲಿಲ್ಲ. ದಾಟಿಸಿದವನ ಪ್ರಾಮಾಣಿಕತೆಯೇ ಪರೀಕ್ಷೆಗೊಳಗಾಗುತ್ತಿತ್ತು. ನಮ್ಮ ಮೊಬೈಲುಗಳು ಆ ಪರೀಕ್ಷೆಯಲ್ಲಿ ಪಾಸಾಗುವವೇ?