ಮಂತ್ರದ ಎಲೆಯೂ ಮಾಲಂಗಿಯ ಮಡುವೂ

ಇಸ್ಪೀಟಿನ ರಾಜ ರಾಣಿಯರ ಸಾಲಿಗೆ ಮಾಂತ್ರಿಕರೂ ಬಂದು ಸೇರಿ ಬಹುಕಾಲವಾಯಿತು. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್’ ಎಂಬ ಎಲೆಯಾಟದಲ್ಲಿ, ಗುರಿಯುಳ್ಳ ಮಂತ್ರವನ್ನು ಪ್ರಯೋಗಿಸುವವನು ಅದು ಯಾರ ಮೇಲೆ ಎಂಬುದನ್ನು ಆಗಲೇ ಹೇಳತಕ್ಕದ್ದು. ಎದುರಾಳಿ ಅದನ್ನು ಮುರಿಯುವುದಾದರೆ ಫಲಿಸುವ ಮುನ್ನವೇ ಮುರಿಯತಕ್ಕದ್ದು. ಫಲಿಸಿದ ಮೇಲೆ ಕೈ ಹಿಸುಕಿಕೊಂಡು ಪ್ರಯೋಜನವಿಲ್ಲ. ಯಾರನ್ನೂ ಗುರಿಮಾಡದೆ ಎಲ್ಲರ ಮೇಲೂ ಬೀಳುವ ಮಂತ್ರವಾದರೆ, ‘ಇವನನ್ನು ಗುರಿಮಾಡಲಾಗದು’ ಎಂಬ ರಕ್ಷೆಯೂ ಕೆಲಸಕ್ಕೆ ಬಾರದು.

ಮಕ್ಕಳಿಗೆ ಇದು ಹೊಸದು. ನಂಜನಗೂಡಿನ ಅಜ್ಜಿಯರಿಗೆ ಅಲ್ಲ. ಹಾಲಾಹಲವು ಯಾರೊಬ್ಬರನ್ನೂ ಗುರಿಮಾಡಿ ಬಂದುದಲ್ಲ; ದೇವಾಸುರರಿಬ್ಬರೂ ಓಡಿದರು. ಶಿವನು ಅದನ್ನು ತನ್ನತ್ತ ತಿರುಗಿಸಿಕೊಂಡು ಕಂಠದಲ್ಲಿಯೇ ನಿಲ್ಲಿಸಿ ನಂಜುಂಡನಾದನು.

ನಂಜನಗೂಡಿನ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ತಲಕಾಡಿನತ್ತ ಹರಿಯುತ್ತಾಳೆ. ಅಲ್ಲಿಯ ಐತಿಹ್ಯದಲ್ಲಿ ಗುರಿಗಳು ಮೂರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿ ತಿರುಮಲನು ತಲಕಾಡಿನಲ್ಲಿ ತೀರಿಕೊಂಡನು. ಶ್ರೀರಂಗನಾಯಕಿಗೆ ತೊಡಿಸುತ್ತಿದ್ದ ಒಡವೆಗಳಿಗಾಗಿ ಭಟರು ಬೆನ್ನಟ್ಟಲು, ಅವನ ಪತ್ನಿ ಅಲಮೇಲಮ್ಮ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವಾಗ ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಮೈಸೂರು ದೊರೆಗಳಿಗೆ ಸಂತಾನಹೀನತೆಯನ್ನೂ ಶಪಿಸಿದಳಂತೆ.

ಪುರಾಣಗಳಲ್ಲಿ ನುಡಿದ ಶಾಪವನ್ನು ಕೊಟ್ಟವರೂ ಹಿಂದೆಗೆಯಲಾರರು. ಆದರೆ ಬೇಡಿಕೊಂಡರೆ ವಿಮೋಚನೆಯ ದಾರಿಯನ್ನು ಅವರೇ ತೋರುತ್ತಾರೆ. ಅಹಲ್ಯೆಗೆ ಗೌತಮನು ತೋರಿದಂತೆ. ಅಲಮೇಲಮ್ಮನಾದರೋ ನುಡಿದ ಮರುಕ್ಷಣವೇ ನೀರಿನ ಪಾಲು. ಬೇಡುವುದು ಯಾರನ್ನು? ರಾಜ ಒಡೆಯರು ಅವಳ ಪ್ರತಿಮೆಯನ್ನು ಮಾಡಿಸಿ ಅರಮನೆಯಲ್ಲಿ ಪೂಜೆಗಿಟ್ಟರೆಂಬ ಮಾತಿನ ಮರ್ಮ ಇಲ್ಲಿದೆ. ಕ್ಷಮೆ ಕೇಳಲು ಒಂದು ಮುಖವಾದರೂ ಎದುರಿಗೆ ಬೇಕಾಗಿತ್ತು.

ಮರಳಿಗೆ ಬೇರೆ ಕಾರಣ ಹೇಳುವ ವಿದ್ವಾಂಸರೂ ಉಂಟು: ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿ ಕಟ್ಟೆಯಿಂದ ನದಿಯ ಪಾತ್ರ ಬರಿದಾಗಿ, ಗಾಳಿಯು ಮರಳನ್ನು ಊರಿಗೆ ತಂದಿತೆಂದು. ಹಾಗಾದರೆ ಶಾಪ ಹುಟ್ಟುವ ಮೊದಲೇ ಮರಳು ಹೊರಟಿತ್ತು! ಮೂರನೆಯ ಗುರಿಯ ಮಾತು ಮಾತ್ರ ಅಷ್ಟು ಸುಲಭವಾಗಿ ತೀರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. 2013ರಲ್ಲಿ ನಿಧನರಾದ ಶ್ರೀಕಂಠದತ್ತ ನರಸಿಂಹರಾಜ ಒಡೆಯರಿಗೂ ಇರಲಿಲ್ಲ. ನಡುವಿನ ಜಯಚಾಮರಾಜ ಒಡೆಯರಿಗೆ ಮಗನೂ ಹೆಣ್ಣುಮಕ್ಕಳೂ ಇದ್ದುದನ್ನು ಶಾಪದ ಲೆಕ್ಕ ಹಿಡಿಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 2015ರಲ್ಲಿ ದತ್ತಕರಾಗಿ ಬಂದ ಯದುವೀರರಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗು ಜನಿಸಿದಾಗ, ಶಾಪ ಕಳೆಯಿತೆಂದು ಮೈಸೂರಿನ ಜನ ಆಡಿಕೊಂಡರು. ಅಲಮೇಲಮ್ಮನ ಪೂಜೆಯನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ.